ವಿನೋದ್ ದುವಾ ಅವರ ಹಳೇ ವಿಡಿಯೊಗಳು: ಹಿಂದಿ ಅಲ್ಪಸ್ವಲ್ಪ ಬಂದರೂ ಸಾಕು, ನೋಡಿ

ರಾಜಕೀಯ ಸುದ್ದಿಯ ಕಿರುಚಾಟ ಸಾಕಾಗಿದ್ದರೆ ಯೂಟ್ಯೂಬ್‌ನಲ್ಲಿ ಹಿಂದಿ ಟಿವಿ ಪತ್ರಕರ್ತ ವಿನೋದ್ ದುವಾ ಅವರನ್ನು ಹುಡುಕಿ. 1980ರ ದಶಕದಲ್ಲಿ ದೂರದರ್ಶನದ ಚುನಾವಣಾ ಫಲಿತಾಂಶ ಅಂದರೆ ಪ್ರಣಯ್ ರಾಯ್ ಮತ್ತು ದುವಾ ಜೋಡಿ. ರಾಯ್ ಇಂಗ್ಲಿಷ್‌ನಲ್ಲಿ ಅಂಕಿಅಂಶ ಹೇಳುತ್ತಿದ್ದಂತೆ ದುವಾ ಅದನ್ನು ನಿಂತ ನಿಲುವಲ್ಲೇ ಸಲೀಸಾಗಿ ಹಿಂದಿಗೆ ತರುತ್ತಿದ್ದರು. ಕೈಯಲ್ಲಿ ಚೀಟಿಯಿಲ್ಲ, ಮಾತಲ್ಲಿ ತಡವರಿಕೆಯಿಲ್ಲ. ನನಗೆ ತುಂಬಾ ಹಿಡಿಸಿದ್ದೇ ಇದು.

ದುವಾ ನಡೆಸಿಕೊಡುತ್ತಿದ್ದ 1985ರ 'ಜನವಾಣಿ' ಕಾರ್ಯಕ್ರಮದಲ್ಲಿ ಜನಸಾಮಾನ್ಯರು ಮಂತ್ರಿಗಳನ್ನು ನೇರವಾಗಿ ಪ್ರಶ್ನೆ ಕೇಳುತ್ತಿದ್ದರು. ಅದೂ ಸರ್ಕಾರಿ ಚಾನೆಲ್‌ನಲ್ಲಿ! ಇವತ್ತು ಯಾವ ಚಾನೆಲ್ ಆ ಧೈರ್ಯ ಮಾಡುತ್ತೆ, ಹೇಳಿ?

ಹಳೇ ಟೇಪುಗಳ ಚಿತ್ರ ಮಸುಕು, ಧ್ವನಿಯೂ ಅಷ್ಟಕ್ಕಷ್ಟೆ. ಇಯರ್‌ಫೋನ್ ಹಾಕಿಕೊಂಡರೆ ಒಳ್ಳೆಯದು. ಊಟ-ತಿಂಡಿಯ 'ಜಾಯ್ಕಾ ಇಂಡಿಯಾ ಕಾ' ನೋಡಲು ಚೆನ್ನಾಗಿದೆ, ಆದರೆ ನನ್ನ ಓಟು ರಾಜಕೀಯದ ದುವಾಗೇ.

ಕೊನೆಗಾಲದ ಯೂಟ್ಯೂಬ್ ಕಾರ್ಯಕ್ರಮಗಳನ್ನೂ ಬಿಡಬೇಡಿ. ಅಂಥದ್ದೊಂದು ಕಾರ್ಯಕ್ರಮಕ್ಕೇ ದೇಶದ್ರೋಹದ ಕೇಸು ಬಿದ್ದಿತ್ತು. 2021ರ ಜೂನ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಮೊದಲು ಚುನಾವಣೆಯ ವಿಡಿಯೊಗಳಿಂದ ಶುರು ಮಾಡಲಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್.