ತೀರ್ಥಹಳ್ಳಿ ಮಳೆಯಲ್ಲಿ ಎರಡು ಏರ್ ಪಿಸ್ತೂಲು: ಮೊರಿನಿ ಸಿಎಂ 162ಇಐ, ಸ್ಟೈಯರ್ ಎಲ್‌ಪಿ10

ಗುರಿಯ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಮೊರಿನಿ ಆಗಲಿ, ಸ್ಟೈಯರ್ ಆಗಲಿ, ಅಲುಗಾಡದ ಹಾಗೆ ಕಟ್ಟಿ ಹೊಡೆದರೆ 10 ಮೀಟರ್ ದೂರದಲ್ಲಿ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಬಿದ್ದ ತೂತಿನಲ್ಲೇ ಇನ್ನೊಂದು ಪೆಲೆಟ್ ಬೀಳುತ್ತದೆ. ಪಂದ್ಯದ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ. ಇಡೀ ಡಬ್ಬಿ ಪೆಲೆಟ್ಟನ್ನು ಅದರೊಳಗೆ ಇಳಿಸುವ ತಾಕತ್ತು ಎರಡಕ್ಕೂ ಇದೆ. ಹಿಡಿದವನಿಗೆ ಇಲ್ಲ, ಅಷ್ಟೇ. ಹಾಗಾಗಿ ಯಾವುದರ ಗುರಿ ಚೆನ್ನಾಗಿದೆ ಅಂತ ನಾನು ಬರೆಯಲು ಹೋಗುವುದಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಮಳೆಗಾಲ ಪೂರ್ತಿ ಬಟ್ಟೆಯೇ ನೆಟ್ಟಗೆ ಒಣಗದ ಜಾಗದಲ್ಲಿ, ಯಾವುದನ್ನು ಇಟ್ಟುಕೊಂಡು ಅಭ್ಯಾಸ ಮಾಡುವುದು ಸುಲಭ ಅನ್ನುವುದಷ್ಟೇ ನನಗೆ ಗೊತ್ತಿರುವ ವಿಷಯ.

ಮೊರಿನಿ ನನ್ನದು. ಸ್ವಿಟ್ಜರ್ಲೆಂಡಿನದು, ಎಲೆಕ್ಟ್ರಾನಿಕ್ ಟ್ರಿಗರ್. ಸ್ಟೈಯರ್ ಸಾಗರದಲ್ಲಿರುವ ತಮ್ಮನದು, ಅಂದರೆ ಚಿಕ್ಕಪ್ಪನ ಮಗನದು. ಆಸ್ಟ್ರಿಯಾದ್ದು, ಮೆಕ್ಯಾನಿಕಲ್ ಟ್ರಿಗರ್. ಎರಡೂ ಸೆಕೆಂಡ್ ಹ್ಯಾಂಡ್. ಹೊಸದಕ್ಕೆ ಲಕ್ಷ ರೂಪಾಯಿ ದಾಟುತ್ತದೆ, ಅಡಿಕೆ ರೇಟು ಚೆನ್ನಾಗಿದ್ದ ವರ್ಷವೂ ಮನೆಯಲ್ಲಿ ಅಷ್ಟು ದುಡ್ಡು ಕೇಳುವ ಧೈರ್ಯ ಬರಲಿಲ್ಲ. ಒಂದು ಮಳೆಗಾಲ ಪೂರ್ತಿ ಇಬ್ಬರೂ ಪಿಸ್ತೂಲು ಅದಲು ಬದಲು ಮಾಡಿಕೊಂಡೆವು. ಆಮೇಲೂ ಆಗಾಗ ಮಾಡುತ್ತಿರುತ್ತೇವೆ.

ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ 0.177 ಇಂಚಿಗಿಂತ ದೊಡ್ಡ ನಳಿಗೆ ಇದ್ದರೆ ಅಥವಾ 20 ಜೂಲ್‌ಗಿಂತ ಜಾಸ್ತಿ ಶಕ್ತಿ ಇದ್ದರೆ ಏರ್ ಗನ್ನಿಗೂ ಲೈಸೆನ್ಸ್ ಬೇಕು. ಇವು 0.177, ಅಂದರೆ 4.5 ಮಿ.ಮೀ., ಶಕ್ತಿಯೂ 20 ಜೂಲ್‌ಗಿಂತ ತುಂಬಾ ಕೆಳಗೆ. ಖರೀದಿ ಬಿಲ್ಲು ಮಾತ್ರ ಜೋಪಾನವಾಗಿಡಿ. ಚುನಾವಣೆ ಬಂದಾಗಲೆಲ್ಲ ಅಪ್ಪ ತೋಟಾ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ನನ್ನದು ಪೆಟ್ಟಿಗೆಯಲ್ಲೇ ಇರುತ್ತದೆ. ಪಕ್ಕದ ತೋಟದವರು ಒಂದು ದಿನ ಕೈಯಲ್ಲಿ ಹಿಡಿದು ನೋಡಿ, "ಎಂತ ಮಾರಾಯ, ಇಷ್ಟು ದುಡ್ಡು ಕೊಟ್ಟು ಒಂದು ಮಂಗನೂ ಓಡಿಸೋಕೆ ಆಗಲ್ವಾ?" ಅಂದರು. ಆಗಲ್ಲ. ಇದು ಕಾಗದಕ್ಕೆ ಹೊಡೆಯುವ ಸಾಮಾನು.

ಮನೆಯಲ್ಲಿ ಹೊಡೆಯುವುದಾದರೆ ಟಾರ್ಗೆಟ್ ಹಿಂದೆ ದಪ್ಪ ಗೋಡೆ, ಅದರ ಮುಂದೆ ಕಬ್ಬಿಣದ ಪೆಲೆಟ್ ಪೆಟ್ಟಿಗೆ ಇರಲೇಬೇಕು. ಮಧ್ಯದಲ್ಲಿ ಬಾಗಿಲು ಇರಬಾರದು. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಹಿಡಿಕೆ ಬಗ್ಗೆ ಜಾಸ್ತಿ ಬರೆಯಲ್ಲ, ಯಾಕೆಂದರೆ ನನ್ನ ಅಂಗೈ ನಿಮ್ಮ ಅಂಗೈ ಅಲ್ಲ. ನನಗೆ ಮೊರಿನಿ ಸರಿಯಾಗಿ ಕೂರುತ್ತದೆ. ಈ ಕಂಪನಿ ಬೇರೆಯವರ ಪಿಸ್ತೂಲುಗಳಿಗೂ ಹಿಡಿಕೆ ಮಾಡಿಕೊಡುತ್ತದೆ, ಆ ಅನುಭವ ಕೈಗೆ ಗೊತ್ತಾಗುತ್ತದೆ. ತಮ್ಮನ ಕೈ ಅಗಲ. ಅವನು ಸ್ಟೈಯರ್ ಹಿಡಿಕೆಗೆ ಮರದ ಪುಟ್ಟಿ ಮೆತ್ತಿ, ಉಜ್ಜಿ ಉಜ್ಜಿ ತನ್ನ ಅಳತೆಗೆ ತಂದಿದ್ದಾನೆ. ಹಾಗೆ ಮಾಡುವವರು ಪಂದ್ಯದ ನಿಯಮ ನೋಡಿಕೊಳ್ಳಿ. ಪಿಸ್ತೂಲು ಪೂರ್ತಿಯಾಗಿ 420×200×50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು, ತೂಕ 1500 ಗ್ರಾಂ ದಾಟಬಾರದು. ತೂಕದ ಚಿಂತೆ ಇಲ್ಲ, ಎರಡೂ ಹೆಚ್ಚೂ ಕಮ್ಮಿ ಒಂದು ಕಿಲೋ. ಒಂದೇ ಕೈಯಲ್ಲಿ ಹಿಡಿದು 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕಾದಾಗ ಆ ಒಂದು ಕಿಲೋ ಸಣ್ಣದೇನಲ್ಲ ಅನ್ನುವುದು ಬೇರೆ ಮಾತು.

ನಿಜವಾದ ವ್ಯತ್ಯಾಸ ಇರುವುದು ಟ್ರಿಗರ್‌ನಲ್ಲಿ. ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಒತ್ತಡ ಬೇಕು. ಪಂದ್ಯಕ್ಕೆ ಮುಂಚೆ ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ. ಸ್ಟೈಯರ್‌ನಲ್ಲಿ ಬೆರಳು ಮೊದಲ ಹಂತ ಎಳೆದು ನಿಲ್ಲುತ್ತದೆ, ಆಮೇಲೆ ಎರಡನೇ ಹಂತ ಕಡಿದು ಗುಂಡು ಹೊರಡುತ್ತದೆ. ಎಲ್ಲಿ ಕಡಿಯುತ್ತದೆ ಅನ್ನುವುದು ಬೆರಳಿಗೆ ಸ್ಪಷ್ಟ. ಮೊರಿನಿಯಲ್ಲಿ ಬೆರಳು ಮುಟ್ಟುವುದು ಒಂದು ಸ್ವಿಚ್ಚಿಗೆ. ಉಳಿದ ಕೆಲಸ ಸರ್ಕ್ಯೂಟಿನದು. ಒಳಗೆ ಲೋಹಕ್ಕೆ ಲೋಹ ಜಾರುವ ಆ ಸಣ್ಣ ತರಿ ಇಲ್ಲ. ಮೊದಮೊದಲು ಇದು ನನಗೆ ಜೀವ ಇಲ್ಲದ ಟ್ರಿಗರ್ ಅನ್ನಿಸಿತ್ತು. ಈಗ ಸ್ಟೈಯರ್ ಹಿಡಿದರೆ ಎರಡನೇ ಹಂತದಲ್ಲಿ ಬೆರಳು ಕಾಯುತ್ತಾ ನಿಲ್ಲುತ್ತದೆ, ಕಾದಷ್ಟೂ ಕೈ ನಡುಗುತ್ತದೆ. ತಮ್ಮನಿಗೆ ಇದು ಪೂರ್ತಿ ಉಲ್ಟಾ. ಆ ನಿಲುಗಡೆ ಇಲ್ಲದಿದ್ದರೆ ಅವನು ಬೇಗ ಗುಂಡು ಬಿಟ್ಟುಬಿಡುತ್ತಾನೆ.

ಗುಂಡು ಹೊರಟಾಗಿನ ಒದೆತ ಸ್ಟೈಯರ್‌ನಲ್ಲಿ ಕಮ್ಮಿ. ಅದನ್ನು ತಿನ್ನಲೆಂದೇ ಒಳಗೆ ಒಂದು ಅಬ್ಸಾರ್ಬರ್ ಇಟ್ಟಿದ್ದಾರೆ. ಹೊಡೆದ ಮೇಲೂ ಮುಂದಿನ ಸೈಟ್ (ಗುರಿ ಹಿಡಿಯುವ ಕಡ್ಡಿ) ಇದ್ದಲ್ಲೇ ಇದ್ದ ಹಾಗೆ ಕಾಣುತ್ತದೆ. ಇದೊಂದರಲ್ಲಿ ನಾನು ಸ್ಟೈಯರ್‌ಗೆ ಸೀದಾ ಅಂಕ ಕೊಡುತ್ತೇನೆ.

ಇನ್ನು ಗಾಳಿ. ಪೆಲೆಟ್ಟನ್ನು ತಳ್ಳುವುದು ಪಿಸ್ತೂಲಿನ ಸಿಲಿಂಡರಿನಲ್ಲಿ ಒತ್ತಿ ತುಂಬಿಸಿದ ಗಾಳಿ. ಪೇಟೆಯ ರೇಂಜ್‌ಗಳಲ್ಲಿ ಕಲಿತವರು ಈ ವಿಷಯ ಯೋಚಿಸುವುದೇ ಇಲ್ಲ. ಎರಡರ ಸಿಲಿಂಡರಿಗೂ 200 ಬಾರ್ ಒತ್ತಡ ಬೇಕು. ಒಮ್ಮೆ ತುಂಬಿಸಿದರೆ ಒಂದು ಪಂದ್ಯಕ್ಕೆ, ಅದರ ಮುಂಚಿನ ಅಭ್ಯಾಸಕ್ಕೆ ಧಾರಾಳ ಸಾಕು. ಆದರೆ ತುಂಬಿಸುವುದು ಎಲ್ಲಿ? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದರ ಹತ್ತಿರವೂ ಬರಲ್ಲ. ನಾವಿಬ್ಬರೂ ಸೇರಿ ಒಂದು ಸ್ಕೂಬಾ ಟ್ಯಾಂಕ್ ಇಟ್ಟಿದ್ದೇವೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದುಕೊಂಡು ಹೋಗುವವರು ಮುರುಡೇಶ್ವರದಲ್ಲಿದ್ದಾರೆ. ಪರಿಚಯದವರೊಬ್ಬರ ಮೂಲಕ ಅಲ್ಲಿ ತುಂಬಿಸುತ್ತೇವೆ. ತಮ್ಮ ಸಾಗರದಿಂದ ಜೋಗ, ಗೇರುಸೊಪ್ಪೆ ಘಟ್ಟ ಇಳಿದು ಹೋಗಿ ಬರುತ್ತಾನೆ. ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ಡೈವಿಂಗ್ ಬಂದ್, ಕಂಪ್ರೆಸರೂ ಬಂದ್. ಟ್ಯಾಂಕ್ ತುಂಬಿದ್ದಾಗಲೂ ಒಂದು ತೊಂದರೆ ಇದೆ. ಟ್ಯಾಂಕಿನಲ್ಲಿ ಇರುವುದೇ 200 ಬಾರ್ ಆಸುಪಾಸು. ಪ್ರತಿ ಸಲ ತುಂಬಿಸಿದಾಗಲೂ ಅದು ಇಳಿಯುತ್ತದೆ. ಕೊನೆ ಕೊನೆಗೆ ಸಿಲಿಂಡರಿಗೆ 150, 140 ಸಿಕ್ಕರೆ ಪುಣ್ಯ.

ಕೈಪಂಪು ಇದೆಯಲ್ಲ ಅಂತೀರಿ. ಇದೆ. ಒಳ್ಳೆ ವ್ಯಾಯಾಮವೂ ಹೌದು. ಆದರೆ ಜುಲೈ ತಿಂಗಳಲ್ಲಿ ನಮ್ಮ ಜಗಲಿಯ ಗಾಳಿಯಲ್ಲಿ ಗಾಳಿಗಿಂತ ನೀರೇ ಜಾಸ್ತಿ ಅನ್ನಿಸುತ್ತದೆ. ಗಾಳಿಯನ್ನು ಅಷ್ಟು ಒತ್ತಿದಾಗ ಅದರಲ್ಲಿರುವ ತೇವ ಹನಿಯಾಗುತ್ತದೆ. ಆ ಹನಿ ಸಿಲಿಂಡರಿಗೆ, ಅಲ್ಲಿಂದ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರಿಗೆ ಹೋಗುತ್ತದೆ. ಪಂಪಿಗೆ ಸಿಲಿಕಾ ಜೆಲ್ ಫಿಲ್ಟರ್ ಇಲ್ಲದೆ ಮಳೆಗಾಲದಲ್ಲಿ ಪಂಪು ಮುಟ್ಟಬೇಡಿ. ಇನ್ನೊಂದು ಮಾತು, ಎರಡು ಕಂಪನಿಯ ಸಿಲಿಂಡರ್ ಒಂದಕ್ಕೊಂದು ಕೂರಲ್ಲ, ತುಂಬಿಸುವ ಅಡಾಪ್ಟರ್ ಕೂಡ ಬೇರೆ ಬೇರೆ. ಮನೆಯಲ್ಲಿ ಇಬ್ಬರು ಶೂಟರ್ ಇದ್ದರೆ ಒಂದೇ ಕಂಪನಿಯದು ತಗೊಳ್ಳಿ. ನಮ್ಮ ಹಾಗೆ ಎರಡೆರಡು ಅಡಾಪ್ಟರ್ ಇಟ್ಟುಕೊಂಡು ಹುಡುಕಾಡಬೇಡಿ.

ಗಾಳಿಗೆ ಇಷ್ಟು ಬರ ಇದ್ದರೆ ಮಳೆಗಾಲದ ಅಭ್ಯಾಸ ಅಂದರೆ ಡ್ರೈ ಫೈರ್. ಪೆಲೆಟ್ ಇಲ್ಲ, ಗಾಳಿ ಇಲ್ಲ. ಬಿಳಿ ಗೋಡೆ ನೋಡುತ್ತಾ ಸೈಟ್ ಸಾಲು ಹಿಡಿದು ಟ್ರಿಗರ್ ಒತ್ತುವುದು. ದೊಡ್ಡ ಶೂಟರ್‌ಗಳೂ ಇದನ್ನೇ ದಿನಾ ಮಾಡುತ್ತಾರೆ. ಇಲ್ಲಿ ಮೊರಿನಿ ಬಹಳ ಮುಂದೆ. ಸ್ವಿಚ್ ಹಾಕಿದರೆ ಸಾಕು, ಒತ್ತಿದಷ್ಟು ಸಲ ಟಿಕ್ ಅನ್ನುತ್ತದೆ. ಕೈ ಇಳಿಸುವುದು, ಉಸಿರು ತೆಗೆದುಕೊಳ್ಳುವುದು, ಎತ್ತುವುದು, ಅಷ್ಟೇ. ಹಿಡಿತ ಬದಲಾಗುವುದೇ ಇಲ್ಲ. ಸ್ಟೈಯರ್‌ನಲ್ಲೂ ಡ್ರೈ ಫೈರ್ ವ್ಯವಸ್ಥೆ ಚೆನ್ನಾಗಿದೆ, ಆದರೆ ಪ್ರತಿ ಸಲ ಎಡಗೈ ಹಾಕಿ ಮತ್ತೆ ಸಜ್ಜು ಮಾಡಬೇಕು. ಹೊಡೆತಕ್ಕೊಮ್ಮೆ ಆ ಅಡ್ಡಿ ನನಗೆ ಕಿರಿಕಿರಿ.

ತೇವದ ವಿಷಯದಲ್ಲಿ ಮಾತ್ರ ಮೊರಿನಿ ಇಟ್ಟುಕೊಂಡವರಿಗೆ ಕೆಲಸ ಜಾಸ್ತಿ. ಸರ್ಕ್ಯೂಟ್ ಇದ್ದ ಮೇಲೆ ಬ್ಯಾಟರಿ ಇದೆ, ಬ್ಯಾಟರಿ ಇದ್ದ ಮೇಲೆ ಅದಕ್ಕೆ ತಾಗುವ ಲೋಹದ ಚಿಮಟಿಗಳಿವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಮ್ಮಲ್ಲಿ ಅದಕ್ಕಿಂತ ಕಮ್ಮಿ ಆದರೂ ತೇವಕ್ಕೇನೂ ಬರ ಇಲ್ಲ. ಇಲ್ಲಿ ಟಿವಿ ರಿಮೋಟಿನ ಚಿಮಟಿಗೂ ಹಸಿರು ಕಟ್ಟುತ್ತದೆ. ಅಭ್ಯಾಸ ಮುಗಿದ ತಕ್ಷಣ ಬ್ಯಾಟರಿ ತೆಗೆದಿಡುವುದು ರೂಢಿ ಮಾಡಿಕೊಂಡಿದ್ದೇನೆ. ಪಂದ್ಯಕ್ಕೆ ಹೊಸ ಬ್ಯಾಟರಿ, ಜೇಬಲ್ಲಿ ಇನ್ನೊಂದು. ಎಲೆಕ್ಟ್ರಾನಿಕ್ ಅಂದ ಕೂಡಲೇ ಜನ ಟೋಕಿಯೋ ಒಲಿಂಪಿಕ್ಸ್ ನೆನಪಿಸುತ್ತಾರೆ. ಅಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ನಡುವೆ ಕೈಕೊಟ್ಟಿದ್ದು ನಿಜ. ಅದೇ ಮನು 2024ರಲ್ಲಿ ಪ್ಯಾರಿಸ್‌ನಲ್ಲಿ ಇದೇ 10 ಮೀಟರ್ ವಿಭಾಗದಲ್ಲಿ ಕಂಚು ಗೆದ್ದರು, ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು ತಂದರು ಅನ್ನುವುದೂ ನಿಜ ಅಲ್ವಾ?

ಬೂಷ್ಟು ಮಾತ್ರ ಬ್ರ್ಯಾಂಡ್ ನೋಡಿ ಬರುವುದಿಲ್ಲ. ಮರದ ಹಿಡಿಕೆ ಎರಡರಲ್ಲೂ ಬೆಳ್ಳಗಾಗುತ್ತದೆ. ಪಿಸ್ತೂಲಿನ ಜೊತೆ ಬಂದ ಸ್ಪಂಜಿನ ಪೆಟ್ಟಿಗೆಯಲ್ಲಿ ಅದನ್ನು ಮಳೆಗಾಲದಲ್ಲಿ ಇಡಬೇಡಿ, ಸ್ಪಂಜು ತೇವ ಹಿಡಿದುಕೊಂಡು ಕೂರುತ್ತದೆ. ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಸರಿ. ಪೆಲೆಟ್ ಡಬ್ಬಿಯೂ ಅಲ್ಲೇ ಇರಲಿ, ಇಲ್ಲದಿದ್ದರೆ ಸೀಸಕ್ಕೆ ಬಿಳಿ ಪುಡಿ ಹಿಡಿಯುತ್ತದೆ. ಟಾರ್ಗೆಟ್ ಕಾಗದ ಮೆತ್ತಗಾದರೆ ತೂತು ದುಂಡಗೆ ಬರದೆ ಹರಿಯುತ್ತದೆ, ಅಂಕ ಎಣಿಸಲು ಜಗಳ. ಕಾಗದವನ್ನು ನಾವು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಪರವಾಗಿಲ್ಲ.

ನಾನು ಮೊರಿನಿ ಬಿಡಲ್ಲ. ಡ್ರೈ ಫೈರ್ ಒಂದೇ ಕಾರಣ ಸಾಕು. ಪೇಟೆಯಲ್ಲಿದ್ದು, ದಿನಾ ರೇಂಜಿಗೆ ಹೋಗಿ ಗಾಳಿ ತುಂಬಿಸಿಕೊಂಡು ಬರುವ ಹಾಗಿದ್ದರೆ ಬಹುಶಃ ಸ್ಟೈಯರ್ ತಗೊಳ್ಳುತ್ತಿದ್ದೆ. ತಮ್ಮ ಸ್ಟೈಯರ್ ಬಿಡಲ್ಲ. ಪಿಸ್ತೂಲಿಗೆ ಬ್ಯಾಟರಿ ಹಾಕುವುದು ಅಂದರೆ ಅವನಿಗೆ ಈಗಲೂ ನಗು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಪಿಸ್ತೂಲಿಗಿಂತ ಮೊದಲು ಸಿಲಿಂಡರ್ ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತಾರೆ. ಸಾಮಾನ್ಯವಾಗಿ ಕಂಪನಿಗಳು ಕೊಡುವ ಆಯಸ್ಸು 10 ವರ್ಷ. ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳುವುದು ಪಂದ್ಯದ ನಿಯಮದಲ್ಲೂ ಶೂಟರ್‌ನದೇ ಹೊಣೆ. ನನಗೆ ಮಾರಿದವರು ಪಿಸ್ತೂಲಿನ ಹತ್ತಾರು ಫೋಟೋ ಕಳಿಸಿದ್ದರು, ಸಿಲಿಂಡರಿನ ಆ ಬದಿಯದು ಒಂದೂ ಇರಲಿಲ್ಲ. ಕೇಳಿ ತರಿಸಿಕೊಂಡೆ, ಅವಧಿ ಮುಗಿಯುತ್ತಾ ಬಂದಿತ್ತು. ಹೊಸ ಸಿಲಿಂಡರಿನ ದುಡ್ಡು ಕಳೆದೇ ರೇಟು ಮಾತಾಡಿದೆ.