ಕೈರೋದಲ್ಲಿ ‘ಮ್ಯೂಸಿಯಂ ಈಗ ಮುಚ್ಚಿದೆ’ ಎನ್ನುವವರನ್ನು ನಂಬಬೇಡಿ

ಕೈರೋದ ತಹ್ರೀರ್ ಚೌಕದಲ್ಲಿರುವ ಈಜಿಪ್ಟ್ ವಸ್ತುಸಂಗ್ರಹಾಲಯವನ್ನು ನೋಡಲು ಹೊರಟಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಸಾದತ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಸ್ವಲ್ಪ ನಡೆದರೆ 1902ರಲ್ಲಿ ತೆರೆದ ಆ ಗುಲಾಬಿ ಬಣ್ಣದ ಕಟ್ಟಡ ಸಿಗುತ್ತದೆ. ಮೋಸ ನಡೆಯುವುದು ಈ ಸ್ವಲ್ಪ ದೂರದಲ್ಲಿಯೇ.

ನಾನೂ ನನ್ನ ಪತ್ನಿಯೂ ರಸ್ತೆ ದಾಟಲು ಕಾಯುತ್ತಿದ್ದಾಗ ನಡುವಯಸ್ಸಿನ ಸಭ್ಯ ವ್ಯಕ್ತಿಯೊಬ್ಬರು ತಾವಾಗಿಯೇ ಬಂದು ದಾಟಿಸಿದರು. ಭಾರತದವರೆಂದು ತಿಳಿದೊಡನೆ ಅಮಿತಾಭ್ ಬಚ್ಚನ್ ಹೆಸರು ಹೇಳಿ ನಕ್ಕರು. ಪ್ರಾರ್ಥನೆಯ ಹೊತ್ತಾದ್ದರಿಂದ ಮಧ್ಯಾಹ್ನ ಎರಡರವರೆಗೆ ಗುಂಪಿನವರನ್ನು ಮಾತ್ರ ಒಳಗೆ ಬಿಡುತ್ತಾರೆ, ಅಲ್ಲಿಯವರೆಗೆ ಹತ್ತಿರದ ‘ಸರ್ಕಾರಿ’ ಪಪೈರಸ್ (ಜೊಂಡಿನಂಥ ಗಿಡದ ದಂಟಿನಿಂದ ಮಾಡುವ, ಪ್ರಾಚೀನ ಈಜಿಪ್ಟಿನವರು ಬರೆಯಲು ಬಳಸುತ್ತಿದ್ದ ಹಾಳೆ) ಪ್ರದರ್ಶನ ನೋಡಬಹುದು ಎಂದರು. ಅದು ಪ್ರದರ್ಶನವಲ್ಲ, ಖಾಸಗಿ ಅಂಗಡಿ. ದಾಸವಾಳದ ಚಹಾ ಕೊಟ್ಟು ಕೂರಿಸಿದರು. ಪಪೈರಸ್ ದಂಟನ್ನು ಸೀಳಿ, ಎಳೆಗಳನ್ನು ನೀರಿನಲ್ಲಿ ನೆನೆಸಿ, ಅಡ್ಡ ಒಂದು ಪದರ, ಉದ್ದ ಒಂದು ಪದರ ಜೋಡಿಸಿ ಒತ್ತುವ ಕ್ರಮವನ್ನು ಚೆನ್ನಾಗಿಯೇ ತೋರಿಸಿದರು. ಆಮೇಲೆ ನಮ್ಮ ಹೆಸರು ಕೇಳಿ, ನಾವು ಬೇಡವೆನ್ನುವಷ್ಟರಲ್ಲಿ ಒಂದು ಹಾಳೆಯ ಮೇಲೆ ಚಿತ್ರಲಿಪಿಯಲ್ಲಿ ಬರೆದುಬಿಟ್ಟರು. ಹೆಸರು ಬರೆದ ಹಾಳೆಯನ್ನು ಬೇರೆಯವರಿಗೆ ಮಾರಲಾಗದು ಎಂದು ದನಿಯೇರಿಸಿ, ಇಬ್ಬರು ಬಾಗಿಲಿಗೆ ಅಡ್ಡ ನಿಂತರು. ಪತ್ನಿ ಹೆದರಿದ್ದರಿಂದ ಹಣ ಕೊಟ್ಟು ಹೊರಬಂದೆವು.

ಸಂಗ್ರಹಾಲಯದ ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿದಾಗ, ಬೆಳಗಿನಿಂದಲೂ ಎಲ್ಲರಿಗೂ ಪ್ರವೇಶವಿತ್ತೆಂದು ತಿಳಿಯಿತು. ಹಣಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಕಳೆದುಹೋದ ಸಮಯ. ಪ್ರಾಚೀನ ಈಜಿಪ್ಟಿನ ಗಣ್ಯ ಯುಯಾನ ಸಮಾಧಿಯಲ್ಲಿ ದೊರೆತ, ಮೂರು ಸಾವಿರ ವರ್ಷಕ್ಕೂ ಹಳೆಯದಾದ, ಸುಮಾರು 20 ಮೀಟರ್ ಉದ್ದದ ನಿಜವಾದ ಪಪೈರಸ್ ಸುರುಳಿಯ ಮುಂದೆ ನಿಂತು ನೋಡುವಷ್ಟರಲ್ಲಿ ಕಾವಲುಗಾರರು ಮುಚ್ಚುವ ಹೊತ್ತಾಯಿತೆಂದು ಕೂಗತೊಡಗಿದ್ದರು.

ಕೊಂಡ ಹಾಳೆಯನ್ನು ರಾತ್ರಿ ದೀಪಕ್ಕೆ ಹಿಡಿದು ನೋಡಿದೆವು. ಅಸಲಿ ಪಪೈರಸ್‌ನಲ್ಲಿ ಅಡ್ಡ ಮತ್ತು ಉದ್ದದ ಎಳೆಗಳು ಒಂದನ್ನೊಂದು ಹಾದುಹೋಗಿರುವುದು ಬೆಳಕಿಗೆ ಕಾಣುತ್ತದೆ. ನಮ್ಮದರಲ್ಲಿ ಎಳೆಗಳು ಒಂದೇ ದಿಕ್ಕಿಗಿದ್ದವು, ಸ್ವಲ್ಪ ಬಗ್ಗಿಸಿದ್ದಕ್ಕೇ ಅಂಚು ಬಿರಿಯಿತು. ಬಾಳೆ ಎಲೆಯಿಂದ ಮಾಡಿದ ಇಂಥ ನಕಲಿ ಹಾಳೆಗಳು ಅಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ.

ಆದ್ದರಿಂದ ಬಾಗಿಲು ತೆರೆದಿದೆಯೇ ಎಂಬುದನ್ನು ಗೇಟಿನ ಸಮವಸ್ತ್ರದ ಸಿಬ್ಬಂದಿಯನ್ನಷ್ಟೇ ಕೇಳಿ. ಅಂಗಡಿಯಲ್ಲಿ ಹೆಸರು ಹೇಳಬೇಡಿ. ರಸ್ತೆಯಲ್ಲಿ ನೆರವಿಗೆ ಬರುವವರೆಲ್ಲ ಮೋಸಗಾರರಲ್ಲ, ಅಂದು ನಮಗೆ ಖಾನ್ ಅಲ್-ಖಲೀಲಿ ಮಾರುಕಟ್ಟೆಯ ದಾರಿ ತೋರಿಸಿದ ವಿದ್ಯಾರ್ಥಿ ಒಂದು ಕಾಸನ್ನೂ ಮುಟ್ಟಲಿಲ್ಲ. ಆದರೆ ಆ ಮಾರುಕಟ್ಟೆಯಲ್ಲಿ ಚಿಲ್ಲರೆ ವಾಪಸು ಪಡೆಯುವಾಗ ನೋಟನ್ನು ತಿರುಗಿಸಿ ಓದಿ: 50 ಪೌಂಡ್ ಬದಲು 50 ಪಿಯಾಸ್ಟರ್ ನೋಟು ಕೊಡುವವರಿದ್ದಾರೆ, ಅದರ ಬೆಲೆ ನೂರನೇ ಒಂದು ಪಾಲು ಮಾತ್ರ. ಇಂಗ್ಲಿಷ್ ಅಕ್ಷರಗಳಿರುವ ಬದಿಯಲ್ಲಿ ಪೌಂಡೋ ಪಿಯಾಸ್ಟರೋ ಎಂಬುದು ಸ್ಪಷ್ಟವಾಗಿ ಬರೆದಿರುತ್ತದೆ. ಅದನ್ನು ಅಂಗಡಿಯವನ ಎದುರೇ ನೋಡಿಕೊಂಡು ಮುಂದೆ ಹೋಗಿ.