ಸೈಜಿಂಗ್ ಮೇಣದ ಒಂದು ಡಬ್ಬಿ: ವರ್ಷಗಟ್ಟಲೆ ಬಳಸಿದ ಮೇಲೆ

ರೈಫಲ್ ತೋಟಾಗಳ ಖಾಲಿ ಕೇಸ್‌ಗಳನ್ನು, ಅಂದರೆ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕವಚಗಳನ್ನು, ತಾವೇ ಮರುಭರ್ತಿ ಮಾಡಿಕೊಳ್ಳುವವರು ಪ್ರೆಸ್ (ಒತ್ತುಯಂತ್ರ), ಡೈ (ಕೇಸನ್ನು ಅಳತೆಗೆ ತರುವ ಅಚ್ಚು), ಮದ್ದು ತೂಗುವ ತಕ್ಕಡಿ ಇವುಗಳ ಬಗ್ಗೆ ಎಷ್ಟು ಬೇಕಾದರೂ ಚರ್ಚಿಸುತ್ತಾರೆ. ಕೇಸ್ ಡೈಯೊಳಗೆ ಜಾರಲೆಂದು ಹಚ್ಚುವ ಲೂಬ್‌ನ (ಜಾರುಜಿಡ್ಡಿನ) ಮಾತು ಬಂದಾಗ ಮಾತ್ರ ‘ಯಾವುದಾದರೂ ನಡೆಯುತ್ತದೆ’ ಎಂದು ಮುಗಿಸಿಬಿಡುತ್ತಾರೆ. ಇಂಪೀರಿಯಲ್ ಸೈಜಿಂಗ್ ಡೈ ವ್ಯಾಕ್ಸ್ ಎಂಬ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಡಬ್ಬಿಯನ್ನು ವರ್ಷಗಟ್ಟಲೆ ಬಳಸಿದ ಅನುಭವದಿಂದ ಹೇಳುವುದಾದರೆ, ಈ ಕೆಲಸದಲ್ಲಿ ಯಾವುದಾದರೂ ನಡೆಯುವುದಿಲ್ಲ. ನಾನು ಹೆಚ್ಚಾಗಿ ತುಂಬುವುದು .308 ವಿಂಚೆಸ್ಟರ್ ಎಂಬ ಅಳತೆಯ ತೋಟಾ, ಅದರ ಜೊತೆಗೆ ಆಗಾಗ .223 ರೆಮಿಂಗ್ಟನ್. ಈ ವಿಮರ್ಶೆಯ ತೀರ್ಪುಗಳೆಲ್ಲ ಅವೆರಡರಿಂದ ಬಂದವು.

ಗುಂಡು ಹಾರಿದಾಗ ಹಿತ್ತಾಳೆಯ ಕೇಸ್ ಹಿಗ್ಗಿ ಚೇಂಬರಿನ (ಬಂದೂಕಿನಲ್ಲಿ ತೋಟಾ ಕೂರುವ ಕುಳಿಯ) ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಹಿಂದಕ್ಕೆ ಬಂದರೂ ಮೊದಲಿನ ಅಳತೆಗೆ ಮರಳುವುದಿಲ್ಲ. ಅದನ್ನು ಮತ್ತೆ ಕುಗ್ಗಿಸಲು ಉಕ್ಕಿನ ಡೈಯೊಳಗೆ ಬಲವಾಗಿ ನೂಕಬೇಕು; ಇದೇ ಸೈಜಿಂಗ್. ಒಣ ಹಿತ್ತಾಳೆ ಉಕ್ಕಿಗೆ ಕಚ್ಚಿಕೊಳ್ಳುವ ಸ್ವಭಾವದ್ದಾದ್ದರಿಂದ ಇವೆರಡರ ನಡುವೆ ತೆಳುವಾದ, ಒತ್ತಡಕ್ಕೆ ಹರಿಯದ ಒಂದು ಪದರ ಇರಲೇಬೇಕು. ನೇರ ಗೋಡೆಯ ಪಿಸ್ತೂಲ್ ಕೇಸ್‌ಗಳಿಗೆ ಕಾರ್ಬೈಡ್ ಡೈ ಇದ್ದರೆ ಲೂಬ್ ಇಲ್ಲದೆಯೂ ಸಾಗುತ್ತದೆ. ಕತ್ತು ಕಿರಿದಾದ ರೈಫಲ್ ಕೇಸ್‌ಗಳಿಗೆ ಆ ಸೌಲಭ್ಯವಿಲ್ಲ. ಕಾರ್ಬೈಡ್ ಡೈ ಕೊಂಡವರೂ ಲೂಬ್ ಹಚ್ಚಬೇಕು.

ನಾನು ಮೊದಲು ಬಳಸುತ್ತಿದ್ದುದು ಒಂದು ಸ್ಪ್ರೇ. ಅದರ ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಡಬ್ಬಿಯ ಮೇಲೆ ಬರೆದಂತೆ ಚೆನ್ನಾಗಿ ಅಲುಗಾಡಿಸಿ, ಟ್ರೇಯಲ್ಲಿ ನಿಲ್ಲಿಸಿದ ಕೇಸ್‌ಗಳಿಗೆ ನಾಲ್ಕೂ ದಿಕ್ಕಿನಿಂದ ಸಿಂಪಡಿಸಿ, ಆರಲು ಸಮಯ ಕೊಟ್ಟರೂ, ಸಾಲಿನ ಮಧ್ಯದ ಕೇಸ್‌ಗಳ ಒಂದು ಮಗ್ಗುಲು ಒಣಗಿಯೇ ಉಳಿಯುತ್ತಿತ್ತು. ಅಂಥ ಒಂದು .308 ಕೇಸ್ ಡೈಯ ಅರ್ಧದಲ್ಲಿ ಕಚ್ಚಿಕೊಂಡಿತು, ಪ್ರೆಸ್‌ನ ಹಿಡಿಕೆಯನ್ನು ಎತ್ತಿದಾಗ ಕೇಸಿನ ಬುಡವನ್ನು ಹಿಡಿದಿರುವ ಶೆಲ್ ಹೋಲ್ಡರ್ ಅದರ ರಿಮ್ಮನ್ನು (ಬುಡದ ಅಂಚನ್ನು) ಮಾತ್ರ ಹರಿದುಕೊಂಡು ಬಂದಿತು. ಆಮೇಲೆ, ಹಳೆಯ ಪ್ರೈಮರನ್ನು (ಮದ್ದಿಗೆ ಕಿಡಿ ಕೊಡುವ, ಬುಡದ ಪುಟ್ಟ ಬಟ್ಟಲನ್ನು) ಹೊರದೂಡುವ ಡೀಕ್ಯಾಪಿಂಗ್ ಕಡ್ಡಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ, ಪ್ರೈಮರ್ ಕುಳಿಯನ್ನು ಡ್ರಿಲ್‌ನಿಂದ ಕೊರೆದು, ಅದರೊಳಗೆ ತಿರುಪಿನ ಸುತ್ತು ಕಡಿದು, ಬೋಲ್ಟ್ ತಿರುಗಿಸಿ ಕೇಸನ್ನು ಎಳೆದು ತೆಗೆಯಬೇಕು. ಇದಕ್ಕೆಂದೇ ಸಿಗುವ ಉಪಕರಣದ ಪೆಟ್ಟಿಗೆ ಎಷ್ಟೋ ಮರುಭರ್ತಿಗಾರರ ಕಪಾಟಿನಲ್ಲಿ ಇರುತ್ತದೆ ಎಂಬುದೇ ಈ ತೊಂದರೆ ಎಷ್ಟು ಸಾಮಾನ್ಯವೆಂದು ಹೇಳುತ್ತದೆ.

ಮೇಣದ ಡಬ್ಬಿಗೆ ಬಂದದ್ದು ಆ ಸಿಟ್ಟಿನಿಂದ. ಆದರೆ ಅದು ಕೊಟ್ಟ ಸಂತೋಷ ಬೇರೆಯದೇ ಕಡೆಯಿಂದ ಬಂದಿತು. ಹೆಬ್ಬೆರಳು ಮತ್ತು ತೋರುಬೆರಳನ್ನು ಮೇಣದ ಮೇಲೆ ಒಮ್ಮೆ ಸವರಿದರೆ ಸಾಕು. ಬೆರಳಿನ ಬಿಸಿಗೆ ಅದು ಮೆತ್ತಗಾಗಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಹತ್ತಿಕೊಳ್ಳುತ್ತದೆ. ಕೇಸನ್ನು ಆ ಎರಡು ಬೆರಳುಗಳ ನಡುವೆ ಹಿಡಿದು, ಬುಡದ ಕಡೆಯಿಂದ ಭುಜದ (ಕೇಸ್ ಕತ್ತಿನ ಕಡೆಗೆ ಕಿರಿದಾಗುವ ಇಳಿಜಾರಿನ) ಕೆಳಗಿನವರೆಗೆ ನಿಧಾನವಾಗಿ ಹೊರಳಿಸುತ್ತೇನೆ. ಹೆಚ್ಚು ಬಲ ಬೇಡುವುದು ಬುಡದ ಹತ್ತಿರದ ದಪ್ಪ ಗೋಡೆಯಾದ್ದರಿಂದ ಅಲ್ಲಿ ಒಂದು ಸುತ್ತು ಹೆಚ್ಚು. ಒಮ್ಮೆ ಸವರಿದ ಮೇಣ ಹಲವು ಕೇಸ್‌ಗಳಿಗೆ ಬರುತ್ತದೆ, ಬೆರಳು ಒಣಗಿದಂತೆ ಅನ್ನಿಸಿದಾಗ ಮಾತ್ರ ಡಬ್ಬಿಗೆ ಮರಳುತ್ತೇನೆ. ಹೀಗೆ ಹೊರಳಿಸುವಾಗ ಪ್ರತಿಯೊಂದು ಕೇಸ್ ಬೆರಳಿನ ಪರೀಕ್ಷೆಗೆ ಒಳಗಾಗುತ್ತದೆ. ಬಾಯಿಯ ಅಂಚಿನ ಸಣ್ಣ ತಗ್ಗು, ಕತ್ತಿನ ಮೇಲಿನ ಕೂದಲೆಳೆಯಂಥ ಸೀಳು, ಅಂಟಿಕೊಂಡಿರುವ ಮರಳಿನ ಕಣ, ರಿಮ್‌ನ ಮುರುಕು, ಇವೆಲ್ಲ ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯುತ್ತವೆ. ಸ್ಪ್ರೇ ಬಳಸುತ್ತಿದ್ದಾಗ ಟ್ರೇಯಲ್ಲಿ ಕಾಣಿಸದೆ ದಾಟಿಹೋಗುತ್ತಿದ್ದ ಕತ್ತು ಸೀಳಿದ ಕೇಸ್‌ಗಳನ್ನು ಈಗ ಡೈ ಮುಟ್ಟುವ ಮೊದಲೇ ತೆಗೆದಿಡುತ್ತೇನೆ. ಲೂಬ್ ಕೊಂಡವನಿಗೆ ತಪಾಸಣೆಯೂ ಒದಗಿಬರುತ್ತದೆ ಎಂದು ಯಾವ ಡಬ್ಬಿಯ ಮೇಲೆಯೂ ಬರೆದಿರುವುದನ್ನು ನಾನು ನೋಡಿಲ್ಲ.

ಇನ್ನೊಂದು ಲಾಭ ಅಳತೆಯಲ್ಲಿ ಕಂಡಿತು. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ, ಕೈಯಿಂದ ಎಳೆಯುವ ಅಗುಳಿ) ಇರುವ ರೈಫಲ್‌ಗಾಗಿ ಭುಜವನ್ನು ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಮಾತ್ರ ಹಿಂದಕ್ಕೆ ತಳ್ಳುವುದು ವಾಡಿಕೆ. ಅಷ್ಟು ಸೂಕ್ಷ್ಮ ಮಟ್ಟದಲ್ಲಿ ಡೈಯ ಹೊಂದಾಣಿಕೆ ಎಷ್ಟು ಮುಖ್ಯವೋ ಲೂಬ್‌ನ ಸಮತೆಯೂ ಅಷ್ಟೇ ಮುಖ್ಯ; ಒಂದು ಕೇಸ್ ಸಲೀಸಾಗಿ, ಇನ್ನೊಂದು ತಿಕ್ಕಾಡುತ್ತ ಒಳಹೋದರೆ ಪ್ರೆಸ್ ಬಾಗುವ ಪ್ರಮಾಣ ಬದಲಾಗಿ ಭುಜದ ಅಳತೆಯೂ ಬದಲಾಗುತ್ತದೆ. ಮೇಣ ಹಚ್ಚಲು ತೊಡಗಿದ ಮೇಲೆ, ಭುಜದ ಜಾಗವನ್ನು ಅಳೆಯುವ ಕಂಪ್ಯಾರೇಟರ್‌ನಲ್ಲಿ ನನ್ನ ಕೇಸ್‌ಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ತಗ್ಗಿದೆ. ಹಾಗೆಂದು ಹೆಚ್ಚು ಹಚ್ಚಿದರೆ ಹೆಚ್ಚು ಒಳ್ಳೆಯದಲ್ಲ. ಮಿಕ್ಕ ಲೂಬ್ ಭುಜದ ಬಳಿ ಸಿಕ್ಕಿಹಾಕಿಕೊಂಡು, ತಾನು ಕುಗ್ಗಲಾರದೆ, ಹಿತ್ತಾಳೆಯನ್ನೇ ಒಳಕ್ಕೆ ತಗ್ಗಿಸುತ್ತದೆ. ಹಲವು ಡೈಗಳಲ್ಲಿ ಇದಕ್ಕೆಂದೇ ಸಣ್ಣ ತೂತು ಇರುತ್ತದೆ, ಅದು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಭುಜಕ್ಕೆ ನಾನು ಮೇಣ ಮುಟ್ಟಿಸುವುದೇ ಇಲ್ಲ.

ಇಷ್ಟು ಹೊಗಳಿದ ಮೇಲೆ, ನನ್ನ ಉತ್ಸಾಹ ಕುಗ್ಗಿದ ಕಡೆಯನ್ನೂ ಹೇಳಬೇಕು. ಕತ್ತಿನ ಒಳಭಾಗಕ್ಕೆ ಈ ಮೇಣ ಒಗ್ಗುವುದಿಲ್ಲ. ಒಳಗೆ ಒಣಗಿದ್ದರೆ ಎಕ್ಸ್‌ಪ್ಯಾಂಡರ್ (ಕತ್ತನ್ನು ಒಳಗಿನಿಂದ ಅಳತೆಗೆ ಹಿಗ್ಗಿಸುವ, ಡೈಯ ಕಡ್ಡಿಯ ಮೇಲಿನ ಉಬ್ಬು) ಹೊರಬರುವಾಗ ಕಿರ್ರೆಂದು ಸದ್ದು ಮಾಡಿ ಕತ್ತನ್ನು ಎಳೆದು ಉದ್ದ ಮಾಡುತ್ತದೆ. ಕೆಲವೊಮ್ಮೆ ಕತ್ತು ಒಂದು ಮಗ್ಗುಲಿಗೆ ವಾಲುವುದೂ ಉಂಟು. ಅಲ್ಲಿಗೆ ಮೇಣ ಹಚ್ಚಿದರೆ ಒಳಗೆ ಉಳಿದ ಅಂಟು ಮುಂದೆ ಮದ್ದಿಗೆ ತಗಲುತ್ತದೆ. ಆದ್ದರಿಂದ ಕತ್ತಿನ ಒಳಕ್ಕೆ ನೈಲಾನ್ ಬ್ರಷ್‌ನಿಂದ ಗ್ರಾಫೈಟ್ ಪುಡಿಯನ್ನು ಬೇರೆಯಾಗಿ ಸವರಬೇಕು, ಅಂದರೆ ಒಂದು ಡಬ್ಬಿ ಕೊಂಡವರು ಎರಡನೆಯದನ್ನೂ ಇಟ್ಟುಕೊಳ್ಳಬೇಕು. ಗ್ರಾಫೈಟ್ ಬೆರಳನ್ನು ಕಪ್ಪಾಗಿಸುತ್ತದೆ, ಆ ಕಪ್ಪು ಮೇಣದ ಡಬ್ಬಿಗೂ ಸೇರುತ್ತದೆ, ಹೀಗಾಗಿ ಎರಡು ಕೆಲಸಗಳನ್ನು ಒಂದೇ ಕೈಯಿಂದ ಮಾಡಬಾರದು.

ದೊಡ್ಡ ರಾಶಿಗೆ ಈ ಮೇಣ ತಕ್ಕುದಲ್ಲ ಎಂಬುದು ಇನ್ನೂ ಗಂಭೀರವಾದ ಕೊರತೆ. .308ರ ಒಂದು ಪೆಟ್ಟಿಗೆಯನ್ನು ತಾಳ್ಮೆಯಿಂದ ತುಂಬುವಾಗ ಸಂತೋಷ ಕೊಡುವ ಹೊರಳಿಸುವಿಕೆ, .223ರ ಒಂದು ಬಕೆಟ್ ಎದುರಿಗಿದ್ದಾಗ ಶಿಕ್ಷೆಯಾಗುತ್ತದೆ. ಅದಕ್ಕಾಗಿ ಈಗ ಲ್ಯಾನೊಲಿನ್ ದ್ರಾವಣವನ್ನು ನಾನೇ ಬೆರೆಸಿಕೊಳ್ಳುತ್ತೇನೆ. ಕುರಿಯ ಉಣ್ಣೆಯಿಂದ ತೆಗೆಯುವ ಈ ಜಿಡ್ಡಿನ ಒಂದು ಭಾಗವನ್ನು ಬೆಚ್ಚಗೆ ಕರಗಿಸಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನ 12 ಭಾಗದೊಂದಿಗೆ ಕಲಕುತ್ತೇನೆ. ಕೇಸ್‌ಗಳನ್ನು ಜಿಪ್ ಚೀಲಕ್ಕೆ ಹಾಕಿ, ಸಿಂಪಡಿಸಿ, ಉರುಳಾಡಿಸಿ, ಆಲ್ಕೊಹಾಲ್ ಪೂರ್ತಿ ಆರುವವರೆಗೆ ಹರಡಿಡುತ್ತೇನೆ. ಒದ್ದೆಯಿರುವಾಗಲೇ ಡೈಗೆ ನೂಕಿದರೆ ಕಚ್ಚಿಕೊಳ್ಳುವ ಸಂಭವ ಹೆಚ್ಚು, ಏಕೆಂದರೆ ಆಲ್ಕೊಹಾಲ್ ಕೇವಲ ವಾಹನ, ಜಾರಿಸುವುದು ಲ್ಯಾನೊಲಿನ್. ಆಲ್ಕೊಹಾಲಿನ ಆವಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಗಾಳಿಯಾಡುವ, ಬೆಂಕಿಯಿಲ್ಲದ ಜಾಗವೇ ಬೇಕು. ಚೀಲದಲ್ಲಿ ಉರುಳಿಸುವುದರಿಂದ ಎಲ್ಲ ಮಗ್ಗುಲಿಗೂ ತಗಲುತ್ತದೆ, ಸ್ವಲ್ಪ ಕತ್ತಿನೊಳಕ್ಕೂ ಹೋಗುತ್ತದೆ. ಆದರೆ ಬೆರಳಿನ ತಪಾಸಣೆ ಇಲ್ಲಿಲ್ಲ, ಅದನ್ನು ಬೇರೆಯಾಗಿ ಮಾಡಲೇಬೇಕು.

ಯಾವ ಲೂಬ್ ಆದರೂ ಸೈಜಿಂಗ್ ಮುಗಿದ ಮೇಲೆ ತೆಗೆಯುವುದರಲ್ಲಿ ರಾಜಿ ಇಲ್ಲ. ಜಿಡ್ಡಿನ ಕೇಸ್ ಚೇಂಬರಿನ ಗೋಡೆಯನ್ನು ಸರಿಯಾಗಿ ಹಿಡಿಯದೆ ಬೋಲ್ಟ್‌ನ ಮೇಲೆ ಹೆಚ್ಚು ಹೊರೆ ಹಾಕುತ್ತದೆ. ಒಳಗೆ ಉಳಿದ ಜಿಡ್ಡು ಪ್ರೈಮರನ್ನೂ ಮದ್ದನ್ನೂ ಕೆಡಿಸಬಲ್ಲದು. ಮೇಣವನ್ನು ಆಲ್ಕೊಹಾಲ್ ಹನಿಸಿದ ಬಟ್ಟೆಯಲ್ಲಿ ಒಂದೇ ಸಲಕ್ಕೆ ಒರೆಸಬಹುದು. ಲ್ಯಾನೊಲಿನ್ ಹಚ್ಚಿದ್ದನ್ನು ಮೆಕ್ಕೆಜೋಳದ ದಿಂಡಿನ ಪುಡಿಯ ಜೊತೆ ಟಂಬ್ಲರ್‌ಗೆ (ಕೇಸ್‌ಗಳನ್ನು ಕುಲುಕಿ ಉಜ್ಜುವ ಯಂತ್ರಕ್ಕೆ) ಹಾಕುತ್ತೇನೆ, ಆಮೇಲೆ ಪ್ರೈಮರ್ ಕುಳಿಯ ಕಿಂಡಿಯಲ್ಲಿ ಪುಡಿಯ ಕಣ ಸಿಕ್ಕಿಕೊಂಡಿದೆಯೇ ಎಂದು ಒಂದೊಂದನ್ನೂ ನೋಡುತ್ತೇನೆ.

ಸಾವಕಾಶವಾಗಿ, ಸಣ್ಣ ಸಂಖ್ಯೆಯಲ್ಲಿ, ಗುರಿಯ ನಿಖರತೆಗಾಗಿ ತುಂಬುವವರಿಗೆ ಈ ಮೇಣವನ್ನೇ ಕೊಳ್ಳಿರೆಂದು ಹೇಳುತ್ತೇನೆ. ಖರ್ಚಿನ ಚಿಂತೆಯೂ ಬೇಡ. ಬಳಸುವುದು ಅಷ್ಟು ಸ್ವಲ್ಪವಾದ್ದರಿಂದ ಡಬ್ಬಿ ತಳ ಕಾಣುವುದು ಬಹಳ ತಡ. ಅದು ಮುಗಿಯುವುದಕ್ಕಿಂತ ಮೊದಲು ಕೊಳೆಯಾಗುವ ಸಂಭವವೇ ಹೆಚ್ಚು: ಮೇಲ್ಪದರದಲ್ಲಿ ದೂಳು ಸೇರಿದರೆ ಅದೇ ಕಣ ಬೆರಳಿನಿಂದ ಕೇಸ್‌ಗೆ, ಕೇಸ್‌ನಿಂದ ಡೈಗೆ ದಾಟಿ, ಮುಂದಿನ ಪ್ರತಿಯೊಂದು ಕೇಸ್‌ನ ಮೇಲೂ ಉದ್ದಕ್ಕೆ ಗೀರು ಎಳೆಯುತ್ತದೆ. ಕೇಸ್‌ಗಳನ್ನು ಮೊದಲು ಒರೆಸಿಕೊಂಡು, ಸವರುವ ಸಮಯದ ಹೊರತು ಮುಚ್ಚಳವನ್ನು ಮುಚ್ಚಿಯೇ ಇಡಿ. ಮೇಲ್ಪದರ ಬೂದುಬಣ್ಣಕ್ಕೆ ತಿರುಗಿದರೆ ಚಾಕುವಿನಿಂದ ಹೆರೆದು ಎಸೆಯಿರಿ.